ಸಮುದ್ರದ ನಡುವಿನ ಊರು

ಸಮುದ್ರದ ನಡುವೆ ಊರು ಹೇಗಮ್ಮಾ ಬರುತ್ತೆ, ನೀನೇ ಹೇಳು, ದ್ವೀಪ ಅಂದ್ಕೊಳ್ಳೋಣ ಅಂದ್ರೆ ದ್ವೀಪಾನೂ ಅಲ್ಲ, ಬರೀ ಚುಕ್ಕೆ, ಗುಂಡಗೆ, ನೀರಿನ ಮೇಲೆ ಆರಾಮಾಗಿ ಕೂತಿದೆ — ನಕ್ಷೆಯವರು ಫೋನಿನಲ್ಲಿ ಕೇಳುತ್ತಲೇ ಇದ್ದರು, ಅವಳ ಕಣ್ಣು ಮಾತ್ರ ಅರ್ಧ ಎತ್ತಿದ ಸ್ಟುಡಿಯೋ ಬಾಗಿಲಿನ ಕೆಳಗೆ ಹಾದುಹೋಗುತ್ತಿದ್ದ ಕಾಲುಗಳ ಮೇಲಿತ್ತು, ಒಂದು ಜೊತೆ ಕರಿ ಬೂಟು, ಒಂದು ಜೊತೆ ರಬ್ಬರ್ ಚಪ್ಪಲಿ, ಒಂದು ಸೈಕಲ್ ಚಕ್ರ, ಬೆಳಿಗ್ಗೆ ಎಂಟೂ ಇಪ್ಪತ್ತು, ಈ ಮನುಷ್ಯ ಇಷ್ಟು ಬೇಗ ಯಾವತ್ತೂ ಫೋನ್ ಮಾಡಿದವರಲ್ಲ, ಗ್ರಂಥಾಲಯದ ನಕ್ಷೆ ಕೋಣೆಯಲ್ಲಿ ಮೂವತ್ತು ವರ್ಷದಿಂದ ಕೂತವರು, ಹಳೆಯ ನಕ್ಷೆಗಳನ್ನೆಲ್ಲ ಅಜ್ಜಿಯರು ಅಂತಲೇ ಕರೆಯುವವರು, ಮೆಲ್ಲಗಮ್ಮಾ ಮೆಲ್ಲಗೆ, ಈ ಅಜ್ಜಿಗೆ ಬೆನ್ನು ನೋವು, ಆ ಅಜ್ಜಿಗೆ ಬೆಳಕು ಆಗಿಬರಲ್ಲ, ಅಂಥವರು ಇವತ್ತು ಒಂದೇ ಉಸಿರಿಗೆ ಮಾತಾಡುತ್ತಿದ್ದಾರೆ, ಯಾವ ಸಮುದ್ರ ಸರ್ ಅಂದಳು, ಯಾವ ಸಮುದ್ರಾನೋ ಬಿಡಮ್ಮಾ, ನೀನು ತೆಗೆದು ಕಳಿಸಿದ ನಕ್ಷೆಗಳ ಮೂವತ್ತೊಂದು ಫೋಟೋದಲ್ಲೂ ಇದೇ ಊರಿದೆ, ಒಂಬತ್ತನೇದರಲ್ಲಿ ಬೆಟ್ಟದ ನೆತ್ತಿ ಮೇಲಿದೆ, ಹನ್ನೆರಡನೇದರಲ್ಲಿ ಹೊಳೆ ಮಧ್ಯ ನಿಂತಿದೆ, ನಮ್ಮ ಪಟ್ಟಿಯಮ್ಮ ಮೊದಲು ಒಂಬತ್ತನೇದನ್ನೇ ತಗೊಂಡಿದಾಳೆ, ನಕ್ಷೆಯಲ್ಲಿರೋ ಊರುಗಳನ್ನೆಲ್ಲ ಪಟ್ಟಿ ಮಾಡೋದು ತಾನೇ ಅವಳ ಕೆಲಸ, ಬೆಟ್ಟದ ಮೇಲೆ ಹೆಸರಿಲ್ಲದ ಊರು ಸಿಕ್ತು ಅಂತ ಎರಡು ದಿನ ಹಳೇ ಪುಸ್ತಕ ಎಲ್ಲ ಕೆಳಗಿಳಿಸಿ ಹುಡುಕಿದಾಳೆ, ಊಟ ಬಿಟ್ಟು ಹುಡುಕಿದಾಳಮ್ಮಾ, ಅದಕ್ಕೊಂದು ನಂಬರು ಬೇರೆ ಕೊಟ್ಟಿದಾಳೆ, ಇವತ್ತು ಬೆಳಿಗ್ಗೆ ನೋಡಿದ್ರೆ ಅದೇ ಊರು ಸಮುದ್ರಕ್ಕೆ ಇಳಿದಿದೆ — ಹಿಂದಿನಿಂದ ಪಟ್ಟಿಯಮ್ಮನ ದನಿ, ಕೊಡಿ ಸಾರ್ ಇಲ್ಲಿ, ನಾನು ಕೇಳ್ತೀನಿ, ರೀ ಮೇಡಂ, ನನ್ನ ಊರನ್ನ ಎಲ್ಲಿ ತಗೊಂಡು ಹೋಗಿ ಮುಳುಗಿಸಿದ್ರಿ — ಅವಳಿಗೆ ನಗು ಬಂತು, ನಗು ಅರ್ಧಕ್ಕೇ ನಿಂತಿತು, ಗುಂಡಗೆ, ಎಲ್ಲ ಫೋಟೋದಲ್ಲೂ, ಎಲ್ಲದರಲ್ಲೂ ಒಂದೇ ಮೂಲೇಲಾ ಸರ್, ಹೌದಮ್ಮಾ, ಎಡಗಡೆ, ಮೇಲೆ, ಗೆರೆ ಹಾಕಿ ಅಳೆದಿಟ್ಟ ಹಾಗೆ.

ಗೊತ್ತಾಯಿತು, ಗೊತ್ತಾಗಿಹೋಯಿತು, ಅದು ಊರಲ್ಲ ಸರ್, ಕ್ಯಾಮೆರಾ ಒಳಗಿನ ಕೊಳೆ, ಚಿತ್ರ ಹಿಡಿಯೋ ಸೆನ್ಸರ್ ಮೇಲೆ ಏನೋ ಕೂತಿದೆ, ಅಂತ ಅಂದೇಬಿಟ್ಟಳು, ಅಂದಮೇಲೆ ನಾಲಿಗೆ ಕಚ್ಚಿಕೊಂಡಳು, ಆ ಕಡೆಯಿಂದ ನಕ್ಷೆಯವರು, ಹಾಗಾದ್ರೆ ದೊಡ್ಡಜ್ಜಿ ಗತಿ ಏನಮ್ಮಾ — ದೊಡ್ಡಜ್ಜಿ, ಒಂಬತ್ತು ಅಡಿ ಉದ್ದದ ನಕ್ಷೆ, ಅರವತ್ತು ವರ್ಷ ಸುರುಳಿಯಾಗಿ ಬಿದ್ದಿದ್ದವಳು, ಬಿಡಿಸಿದರೆ ಒಡೆದುಹೋಗುತ್ತಾಳೆ ಅಂತ ಯಾರೂ ಕೈ ಹಚ್ಚದೆ ಬಿಟ್ಟವಳು, ಮೂರು ದಿನದಿಂದ ತೇವದ ಪೆಟ್ಟಿಗೆಯಲ್ಲಿ ಮಲಗಿ ಮೈ ಮೆತ್ತಗೆ ಮಾಡಿಕೊಳ್ಳುತ್ತಿದ್ದಾಳೆ, ಇವತ್ತು ಹನ್ನೊಂದಕ್ಕೆ ಮೈ ಚಾಚುತ್ತಾಳೆ, ಒಂದಕ್ಕೆ ರಿಪೇರಿಗೆ ಅಂತ ದೂರ ಹೊರಟುಹೋಗುತ್ತಾಳೆ, ಮತ್ತೆ ಬರುವುದು ಎರಡು ವರ್ಷಕ್ಕೋ ಮೂರು ವರ್ಷಕ್ಕೋ, ನಡುವೆ ಇರುವುದು ಎರಡೇ ಗಂಟೆ, ಹದಿನಾರು ತುಂಡಾಗಿ ಹದಿನಾರು ಫೋಟೋ ತೆಗೆದು ಜೋಡಿಸಬೇಕು, ಹದಿನಾರರಲ್ಲೂ ಚುಕ್ಕೆ, ಹದಿನಾರು ಹೊಸ ಊರು, ಅಯ್ಯೋ, ಕಂಪ್ಯೂಟರಿನಲ್ಲಿ ಅಳಿಸಬಹುದು ಸರ್, ಅಳಿಸೋ ಹಾಗಿಲ್ಲಮ್ಮಾ, ಮೊದಲೇ ಹೇಳಿದೀನಿ ನಿನಗೆ, ಕೊಳೆ ಅಂತ ಒಂದು ಚುಕ್ಕೆ ಅಳಿಸಿದ್ರೆ ನಾಳೆ ಅದು ಯಾರದೋ ಊರಾಗಿರುತ್ತೆ, ಇದ್ದದ್ದು ಇದ್ದ ಹಾಗೇ ಬರಬೇಕು, ಇಲ್ಲದ್ದು ಬರಬಾರದು, ನೋಡು, ಸ್ಕ್ಯಾನರ್ ಕಂಪನಿಯವರು ಗಾಡಿ ಸಮೇತ ತಯಾರಾಗಿ ಕೂತಿದಾರೆ, ಮೇಲಿನವರಿಗೆ ಮೊದಲಿಂದಲೂ ಅವರ ಮೇಲೇ ಮನಸ್ಸು, ನಾನು ಹಟ ಹಿಡಿದು ನಿನಗೆ ಕೊಡಿಸಿದ್ದು, ಹತ್ತೂವರೆ ಒಳಗೆ ಒಂದು ಮಾತು ಹೇಳು, ಆಗುತ್ತೆ ಅಂದ್ರೆ ಆಗುತ್ತೆ, ಆಗಲ್ಲ ಅಂದ್ರೆ ದೊಡ್ಡಜ್ಜಿ ಜೊತೆ ಉಳಿದ ಅಜ್ಜಿಯರೂ ಅವರ ಕೈಗೇ ಹೋಗ್ತಾರೆ, ಬೇಜಾರು ಮಾಡ್ಕೋಬೇಡ — ಆಗುತ್ತೆ ಸರ್, ಅಂದಿದ್ದಳು ಅವಳು, ಹೇಗೆ ಅಂತ ಯೋಚಿಸುವ ಮೊದಲೇ ಬಾಯಿ ಅಂದುಬಿಟ್ಟಿತ್ತು.

ಫೋನ್ ಇಟ್ಟಮೇಲೆ ಮೈಯೆಲ್ಲ ಜುಮ್ಮೆಂದಿತು, ಹೆದರಬೇಕಾದ ಹೊತ್ತಿನಲ್ಲಿ ಇದೇನಿದು ಕುಣಿದಾಟ, ನಲವತ್ತೆರಡು ವರ್ಷದ ಹೆಂಗಸು, ಮಂಡಿಗೆ ಮುಲಾಮು ತಿಕ್ಕಿಕೊಳ್ಳುವ ಹೆಂಗಸು, ಆದರೂ ಬೆರಳ ತುದಿಗಳು ತಾವಾಗಿಯೇ ಒಂದನ್ನೊಂದು ಉಜ್ಜಿಕೊಳ್ಳುತ್ತಿವೆ, ತೆರೆಯಬೇಕು, ಕೊನೆಗೂ ಒಳಗೆ ಕೈ ಹಾಕಬೇಕು — ಕಂಪ್ಯೂಟರ್ ಹಚ್ಚಿ ಮೂವತ್ತೊಂದನ್ನೂ ಒಂದರ ಹಿಂದೆ ಒಂದು ಓಡಿಸಿದಳು, ಬೆಟ್ಟ ಬಂತು ಹೋಯಿತು, ಹೊಳೆ ಬಂತು ಹೋಯಿತು, ಕೋಟೆ, ಕಾಡು, ಗಾಡಿ ದಾರಿ, ಎಲ್ಲ ಬಂದವು ಹೋದವು, ಚುಕ್ಕೆ ಮಾತ್ರ ಅಲ್ಲಾಡಲಿಲ್ಲ, ಬಸ್ಸಿನ ಕಿಟಕಿ ಗಾಜಿಗೆ ಕೂತ ನೊಣದ ಹಾಗೆ, ಊರೂರು ದಾಟಿದರೂ ತಾನು ಕೂತಲ್ಲೇ, ಇಷ್ಟು ದಿನ ತನಗೆ ಯಾಕೆ ಕಾಣಲಿಲ್ಲ, ನಕ್ಷೆ ತುಂಬ ಚುಕ್ಕೆಯೇ ಇರುವಾಗ ಒಂದು ಹೆಚ್ಚಾದರೆ ಯಾರಿಗೆ ಕಾಣುತ್ತೆ, ಪಾಸ್‌ಪೋರ್ಟ್ ಫೋಟೋಗಳಲ್ಲೂ ಕಂಡಿರಲಿಲ್ಲ, ಅಲ್ಲಿ ಅಪರ್ಚರ್, ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಅಗಲ ತೆರೆದಿರುತ್ತೆ, ಅಗಲವಿದ್ದರೆ ಕೊಳೆ ಕರಗಿಹೋದ ಹಾಗೆ ಮರೆಯಾಗುತ್ತೆ, ನಕ್ಷೆಗೆ ಅಂತ ಕಿರಿದು ಮಾಡಿದ್ದಳು, ಮೂಲೆಮೂಲೆಯೂ ಚೂಪಾಗಿ ಬರಲಿ ಅಂತ, ಚೂಪಾಗಿಯೇ ಬಂತು, ಕೊಳೆಯೂ ಚೂಪಾಗಿ ಬಂತು — ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಧೂಳಲ್ಲ ಇದು, ಧೂಳಾದರೆ ಸೊಟ್ಟಗಿರುತ್ತೆ, ಎಳೆ ಎಳೆಯಾಗಿರುತ್ತೆ, ಇದು ದುಂಡಗೆ, ಅಂಚಿಗೆ ಒಂದು ತೆಳ್ಳನೆ ಬಳೆ, ಮೇಜಿನ ಮೇಲೆ ಕಾಫಿ ಲೋಟ ಇಟ್ಟೆತ್ತಿದ ಗುರುತಿನ ಹಾಗೆ, ಹನಿ, ಒಣಗಿದ ಹನಿ, ಕ್ಯಾಮೆರಾದ ಹೊಟ್ಟೆಯೊಳಗೆ ಹನಿ ಎಲ್ಲಿಂದ ಬರಬೇಕು, ಮಳೆಗೆ ಹೊರಗೆ ತೆಗೆದದ್ದೇ ಇಲ್ಲ, ಯಾರು — ಅಷ್ಟರಲ್ಲಿ ಕಣ್ಣ ಮುಂದೆ ಬಂದೇಬಿಟ್ಟಿತು, ಎರಡು ಕೆನ್ನೆ, ಉಬ್ಬಿದ ಕೆನ್ನೆ, ದುಂಡಗೆ ಮಾಡಿದ ತುಟಿ, ಉಫ್.

ಅಪ್ಪನ ಉಫ್. ಈ ಸ್ಟುಡಿಯೋ ನಿಂತದ್ದೇ ಆ ಉಫ್‌ನ ಮೇಲೆ, ರೀಲಿನ ಕಾಲದಲ್ಲಿ ಅಪ್ಪ ರೀಲು ಬದಲಿಸುವಾಗ ಕ್ಯಾಮೆರಾದ ಬೆನ್ನು ತೆರೆದು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಕೆನ್ನೆ ತುಂಬ ಗಾಳಿ ತುಂಬಿಕೊಳ್ಳುತ್ತಿದ್ದ, ಇಷ್ಟು ದೊಡ್ಡ ಕೆನ್ನೆ, ಮುಖದಲ್ಲಿ ಕಣ್ಣು ಮೂಗು ಹುಡುಕಬೇಕು, ಎದುರಿಗೆ ಸ್ಟೂಲಿನ ಮೇಲೆ ಅಳುತ್ತಾ ಕೂತ ಮಗು ಅಳು ನಿಲ್ಲಿಸಿ ನೋಡಬೇಕು, ಉಫ್, ಅಂದರೆ ಮಗು ಕಿಲಕಿಲ, ಅಪ್ಪ ಟಕ್ ಅಂತ ಲೆನ್ಸಿಗೂ ಒಂದು ಉಫ್ ಊದಿ ಗುಂಡಿ ಒತ್ತುತ್ತಿದ್ದ, ಈ ಬೀದಿಯ ಯಾರ ಮನೆಗೇ ಹೋಗಿ ನೋಡಿ, ಗೋಡೆ ಮೇಲಿನ ಎಳೆ ಕೂಸುಗಳೆಲ್ಲ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿರುತ್ತವೆ, ನಗುತ್ತಿರುವುದು ಅಪ್ಪನ ಕೆನ್ನೆಗೆ, ಅವಳದೂ ಒಂದಿದೆ, ಕೌಂಟರಿನ ಹಿಂದೆ, ಎಂಟು ತಿಂಗಳ ಬೊಚ್ಚುಬಾಯಿ, ಆ ಫೋಟೋದಲ್ಲಿ ಅಪ್ಪ ಇಲ್ಲ, ಆದರೆ ಅವಳ ಕಣ್ಣಿನ ಮಣಿಯೊಳಗೆ ಎರಡು ಉಬ್ಬಿದ ಕೆನ್ನೆ ಇದೆ ಅಂತ ಅವಳು ಈಗಲೂ ನಂಬುತ್ತಾಳೆ — ಆಮೇಲೆ ಡಿಜಿಟಲ್ ಬಂತು, ಜೊತೆಗೆ ಬಂದ ಪುಸ್ತಕದಲ್ಲಿ ದಪ್ಪಕ್ಷರದಲ್ಲೇ ಇತ್ತು, ಬಾಯಿಂದ ಊದಬೇಡಿ, ಅವಳು ಅಪ್ಪನಿಗೆ ರಬ್ಬರಿನ ಬ್ಲೋವರ್ ತಂದುಕೊಟ್ಟಳು, ಹಿಸುಕಿದರೆ ಫುಸ್ ಅನ್ನುವುದು, ಅಪ್ಪ ಎರಡು ಸಲ ಹಿಸುಕಿ ಜೇಬಿಗಿಟ್ಟುಕೊಂಡ, ಇದು ಗಾಳಿ ಬಿಡುತ್ತೆ ಪುಟ್ಟೀ, ಉಸಿರು ಬಿಡಲ್ಲ — ಆಮೇಲೆ ಕೈ ನಡುಗಲು ಹತ್ತಿತು, ಮೊದಲು ಕಾಫಿ ಲೋಟದಲ್ಲಿ, ಆಮೇಲೆ ಫೋಟೋದಲ್ಲಿ, ಅಪ್ಪಾ ಇನ್ನು ಕ್ಯಾಮೆರಾ ನಾನೇ ನೋಡ್ಕೋತೀನಿ, ನೀನು ಮುಟ್ಟಬೇಡ, ಎಷ್ಟು ಮೆತ್ತಗೆ ಹೇಳಿದ್ದಳು, ಮೆತ್ತಗೆ ಹೇಳಿದ್ದಕ್ಕೇ ಹೆಚ್ಚು ನೋವಾಯಿತೋ ಏನೋ, ಸರಿ ಬಿಡು, ಮುಟ್ಟಲ್ಲ, ಅಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತ, ಮಕ್ಕಳು ಕೂರುತ್ತಿದ್ದ ಸ್ಟೂಲು ಅದು, ಮತ್ತೆ ಕೇಳಲಿಲ್ಲ, ಕೇಳಿಯೇ ಇಲ್ಲ — ಆದರೆ ಮೂರು ತಿಂಗಳ ಹಿಂದೆ, ಹೌದು, ಅವತ್ತೇ, ನಕ್ಷೆಯವರ ಮೊದಲನೇ ಫೋನ್, ಕೆಲಸ ನಿನಗೇ ಅಮ್ಮಾ, ಅಂದ ದಿನ, ತಾನು ಲೆನ್ಸ್ ಬದಲಿಸುತ್ತಿದ್ದಳು, ಬಿಚ್ಚಿದ ಕ್ಯಾಮೆರಾವನ್ನು ಬಾಯಿ ತೆರೆದಂತೆಯೇ ಮೇಜಿನ ಮೇಲೆ ಬಿಟ್ಟು ಒಳಗೆ ಓಡಿದ್ದಳು, ಅಮ್ಮನ ಎರಡೂ ಕೈ ಹಿಡಿದು ಅಡುಗೆಮನೆ ತುಂಬ ಸುತ್ತಿಸಿದ್ದಳು, ಬಿಡೇ ಹುಚ್ಚಿ, ಒಲೆ ಉರೀತಿದೆ, ವಾಪಸು ಬಂದಾಗ ಕ್ಯಾಮೆರಾಕ್ಕೆ ಮುಚ್ಚಳ ಬಿದ್ದಿತ್ತು, ನೀಟಾಗಿ, ಅಪ್ಪ ಸ್ಟೂಲಿನ ಮೇಲೆ ಬೀದಿ ನೋಡುತ್ತಾ ಕೂತಿದ್ದ, ಕಿವಿ ಕೆಂಪಗಿತ್ತು, ಆಗ ಅವಳು ಏನೂ ಅಂದುಕೊಳ್ಳಲಿಲ್ಲ, ಖುಷಿಯಲ್ಲಿದ್ದಳು, ಬಾಯಿ ತೆರೆದಿಟ್ಟು ಹೋದವಳು ತಾನೇ ಅಲ್ಲವೇ.

ಅಪ್ಪಾ, ಸೆನ್ಸರ್ ಮೇಲೆ ಏನೋ ಕೂತಿದೆ. ಕೂತಿರುತ್ತೆ, ಬಿಡು. ನೀನೇನಾದ್ರೂ ಮುಟ್ಟಿದ್ಯಾ. ನಾನ್ಯಾಕೆ ಮುಟ್ಟಲಿ, ಮುಟ್ಟಬೇಡ ಅಂತ ನೀನೇ ತಾನೇ ಹೇಳಿದ್ದು. ಈಗಲ್ಲ ಅಪ್ಪಾ, ಮೂರು ತಿಂಗಳ ಹಿಂದೆ. ಮೂರು ತಿಂಗಳ ಹಿಂದಿನ ಮಾತು ನನಗೆಲ್ಲಿ ನೆನಪಿರುತ್ತೆ, ಕನ್ನಡಕ ಎಲ್ಲಿಟ್ಟೆ ಅನ್ನೋದೇ ನೆನಪಿಲ್ಲ. ಹಣೆ ಮೇಲಿದೆ ನೋಡಿ, ಒಳಗಿನಿಂದ ಅಮ್ಮ, ಅಮ್ಮ ಅಲ್ಲಿಂದಲೇ ಹೇಗೆ ನೋಡುತ್ತಾಳೋ, ಅಪ್ಪ ಕನ್ನಡಕ ಇಳಿಸಿಕೊಂಡು ಬೀದಿಯ ಕಡೆ ತಿರುಗಿದ, ಕಿವಿ ಕೆಂಪಾಗಿದೆ, ಇವತ್ತು ನೋಡಿದಳು — ಇರಲಿ, ಇದು ಕೇಳುವ ಹೊತ್ತಲ್ಲ, ಸರ್ವಿಸ್‌ನವರ ಕೈಗೆ ಕೊಟ್ಟರೆ ಒಂಬತ್ತು ದಿನ, ಎರಡನೇ ಕ್ಯಾಮೆರಾ ಅಂತ ಇದ್ದದ್ದು ಹೋದ ವರ್ಷವೇ ಕೈಕೊಟ್ಟಿತು, ಇರುವುದು ಇದೊಂದೇ, ಇದರ ಮೇಲೊಂದು ಗೀರು ಬಿದ್ದರೆ ನಕ್ಷೆಯೂ ಇಲ್ಲ, ಸ್ಟುಡಿಯೋವೂ ಇಲ್ಲ, ಹೊಲಿಗೆ ಮಷಿನ್ನಿನ ಖಾನೆ ಎಳೆದಳು, ಗುಂಡಿ ಡಬ್ಬಿ, ಗುಂಡಿಗಳ ಕೆಳಗೆ ಒರೆಸುವ ದ್ರವದ ಸಣ್ಣ ಸೀಸೆ, ಅದರ ಪಕ್ಕ ಮೂರು ಲಕೋಟೆ, ಒಂದೊಂದರಲ್ಲಿ ಒಂದೊಂದು ಚಪ್ಪಟೆ ಕಡ್ಡಿ, ತುದಿಗೆ ಮೆತ್ತನೆ ಬಟ್ಟೆ, ಎರಡು ವರ್ಷದ ಹಿಂದೆ ತರಿಸಿದ್ದು, ಅಪ್ಪನಿಗೆ ಕಾಣದಂತೆ ಬಚ್ಚಿಟ್ಟದ್ದು, ಹೊಟ್ಟೆಯೊಳಗೆ ಕೈ ಹಾಕೋದು ಡಾಕ್ಟರ ಕೆಲಸ, ನಮ್ಮದಲ್ಲ, ಅಂತ ಅಪ್ಪ ಅನ್ನುತ್ತಿದ್ದನಲ್ಲ, ಅವಳು ಬೆಂಕಿಪೊಟ್ಟಣದೊಳಗೆ ಗಾಜಿನ ಚೂರು ಅಂಟಿಸಿ ಹಳೇ ಬಟ್ಟೆಕಡ್ಡಿಯಿಂದ ಒರೆಸಿ ಒರೆಸಿ ಕಲಿತಿದ್ದಾಳೆ, ಎಡದಿಂದ ಬಲಕ್ಕೆ ಒಂದೇ ಎಳೆತ, ಕಡ್ಡಿ ಮಗುಚಿ ಬಲದಿಂದ ಎಡಕ್ಕೆ ಒಂದೇ ಎಳೆತ, ಆಗೆಲ್ಲ ಅಮ್ಮ ಬಂದು ಸೊಂಟಕ್ಕೆ ಕೈಯಿಟ್ಟು ನಿಂತು, ಅದೇನೇ, ಬೆಂಕಿಪೊಟ್ಟಣಕ್ಕೆ ಸ್ನಾನ ಮಾಡಿಸ್ತಿದೀಯಾ, ಅನ್ನುತ್ತಿದ್ದಳು.

ಸ್ನಾನವೇ ಅಮ್ಮಾ, ಇವತ್ತು ನಿಜವಾದ ಸ್ನಾನ, ಬಚ್ಚಲಿನ ಬಿಸಿನೀರು ಬಿಟ್ಟಳು, ಬೆಳಿಗ್ಗೆ ಆಯ್ತಲ್ಲೇ, ಮತ್ತೆ ಯಾಕೆ, ನನಗಲ್ಲಮ್ಮಾ ಕ್ಯಾಮೆರಾಗೆ, ನಿನಗೇನಾದ್ರೂ ತಲೆ ಕೆಟ್ಟಿದೆಯಾ, ಮೇಲೆ ನೀರು ಹಾಕಲ್ಲಮ್ಮಾ, ಆವಿ ಎದ್ದು ಇಳಿಯೋವಾಗ ಗಾಳಿಯಲ್ಲಿರೋ ಧೂಳನ್ನೂ ಕೆಳಗಿಳಿಸಿಕೊಂಡು ಹೋಗುತ್ತೆ, ಆವಿ ಪೂರ್ತಿ ಆರಿದ ಮೇಲೆ ಮನೇಲಿ ಇದಕ್ಕಿಂತ ಚೊಕ್ಕಟ ಜಾಗ ಇನ್ನೊಂದಿರಲ್ಲ, ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಕನ್ನಡಕ ಒರೆಸುವಾಗ ಅವಳೇ ಕಂಡುಕೊಂಡದ್ದು, ಎಷ್ಟು ಹೆಮ್ಮೆ ಅವಳಿಗೆ ಅದರ ಬಗ್ಗೆ, ಯಾರಿಗಾದರೂ ಹೇಳಬೇಕು ಅಂತ ಎರಡು ವರ್ಷದಿಂದ ನಾಲಿಗೆ ತುರಿಸುತ್ತಿತ್ತು — ಒಂಬತ್ತೂ ಮೂವತ್ತೈದು, ತಲೆಗೆ ಒದ್ದೆ ಟವೆಲ್ ಸುತ್ತಿ, ತೋಳು ಮಡಿಸಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು, ಚಿಲಕ ಹಾಕಿದಳು, ಮಡಿಲಲ್ಲಿ ಕ್ಯಾಮೆರಾ, ಲೆನ್ಸ್ ಬಿಚ್ಚಿದಳು, ಮೆನು, ಸ್ವಚ್ಛ ಮಾಡುವುದು, ಸರಿ, ಟಕ್, ಒಳಗಿನ ಕನ್ನಡಿ ಮೇಲಕ್ಕೆದ್ದು ನಿಂತಿತು, ಅದರ ಹಿಂದಿನ ಪರದೆ ಸರಿಯಿತು, ಸೆನ್ಸರ್ ಕಂಡಿತು, ಅಬ್ಬಾ, ದೊಡ್ಡ ಸ್ಟಾಂಪಿನಷ್ಟೇ ಇದೆ, ಪಾರಿವಾಳದ ಕತ್ತಿನ ಬಣ್ಣ, ಹಸಿರು ನೇರಳೆ ಒಂದರೊಳಗೊಂದು, ಎಷ್ಟು ಮದುವೆ ಮುಂಜಿ ಇದರ ಮೇಲೆ ಹಾದು ಹೋಗಿವೆ, ಎಷ್ಟು ಮುಖ, ಒಂದಾದರೂ ಉಳಿದಿದೆಯಾ, ಎಲ್ಲ ಹೋದವು, ಉಳಿದದ್ದು ಒಂದು ಹನಿ, ಫೋಟೋದಲ್ಲಿ ಮೇಲಿದ್ದದ್ದು ಒಳಗೆ ಕೆಳಗಿರುತ್ತೆ, ತಲೆಕೆಳಗು, ಆದ್ದರಿಂದ ಕೆಳಗೆ, ಎಡಕ್ಕೆ, ಅಲ್ಲಿ, ಇದೆಯಾ ಇಲ್ಲವಾ ಅನ್ನುವಷ್ಟು — ಮೊದಲನೇ ಲಕೋಟೆ ಹರಿದಳು, ಎರಡು ತೊಟ್ಟು, ಉಸಿರು ಬಿಗಿಹಿಡಿದಳು, ಎಳೆದಳು, ಮಗುಚಿದಳು, ಎಳೆದಳು, ಲೆನ್ಸ್ ಹಾಕಿ ಬಿಳಿ ಗೋಡೆಗೆ ಒಂದು ಫೋಟೋ, ದೊಡ್ಡದು ಮಾಡಿ ನೋಡು, ಇದೆ, ಅಲ್ಲೇ ಇದೆ, ಬಳೆ ಸಮೇತ ಇದೆ, ಎರಡನೇ ಲಕೋಟೆ, ಈ ಸಲ ಸ್ವಲ್ಪ ಒತ್ತಿ, ಜಾಸ್ತಿ ಒತ್ತಬಾರದು, ಒತ್ತದಿದ್ದರೆ ಹೋಗಲ್ಲ, ಎಳೆದಳು, ಮತ್ತೆ ಫೋಟೋ, ಇದೆ, ಬಳೆ ಒಡೆದಿದೆ, ಹನಿ ಇದೆ.

ಬಾಗಿಲಿನ ಮೇಲೆ ಟಕಟಕ, ಟಕಟಕಟಕ, ಯಾಕಪ್ಪಾ ಬಡೀತಿದೀಯಾ, ಬಡೀತಿಲ್ಲ ಕಣೇ, ಕೈ ಇಟ್ಕೊಂಡು ನಿಂತಿದೀನಿ ಅಷ್ಟೇ, ಅಂದ ಅಪ್ಪ, ಉಗುರು ತಾನಾಗಿಯೇ ಮರಕ್ಕೆ ತಾಗುತ್ತಿತ್ತು, ಬ್ಯಾಟರಿ ತುಂಬಿದೆಯಾ, ತುಂಬಿದೆ, ಮಧ್ಯದಲ್ಲಿ ಹೋದ್ರೆ ಕನ್ನಡಿ ಬಂದು ಕಡ್ಡಿ ಮೇಲೆ ಬಡಿಯುತ್ತೆ, ಗೊತ್ತಪ್ಪಾ, ಅರೆ, ಇವನಿಗೆ ಹೇಗೆ ಗೊತ್ತು, ಪುಸ್ತಕ ಓದಿದ್ದಾನೆ, ಕದ್ದು ಓದಿದ್ದಾನೆ, ಹೋಯ್ತಾ ಅಂದ, ಇಲ್ಲ ಅಂದಳು, ಮೂರರಲ್ಲಿ ಎಷ್ಟು ಉಳಿದಿದೆ, ಒಂದು, ಅಂದಮೇಲೆ ಹೊಳೆಯಿತು, ಮೂರು ಅಂತ ಅಪ್ಪನಿಗೆ ಯಾರು ಹೇಳಿದರು, ಗುಂಡಿ ಡಬ್ಬಿಯೂ ಗೊತ್ತು ಈ ಮುದುಕನಿಗೆ, ಎಲ್ಲ ಗೊತ್ತು, ಹೊರಗಿನಿಂದ ಈಗ ಬೇರೆಯೇ ದನಿ, ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ ಅವಳ ಪಕ್ಕ ನಿಂತು ಕಲಿಸುತ್ತಿದ್ದ ದನಿ, ಇಪ್ಪತ್ತು ವರ್ಷದಿಂದ ಕೇಳದ ದನಿ, ಉಜ್ಜಬೇಡ ಪುಟ್ಟೀ, ಒಣಗಿದ ಹನಿ ಉಜ್ಜಿದ್ರೆ ಹೋಗಲ್ಲ, ಪ್ರಿಂಟಿನ ಮೇಲೆ ನೀರಿನ ಕಲೆ ಕೂತಾಗ ಏನ್ ಮಾಡ್ತಿದ್ವಿ, ನೆನೆಯೋಕೆ ಬಿಡ್ತಿದ್ವಲ್ಲ, ಕಡ್ಡಿ ತುದಿ ಮೆಲ್ಲಗೆ ಅದರ ಮೇಲಿಡು, ಒತ್ತಬೇಡ, ನಾನು ಹತ್ತು ಎಣಿಸ್ತೀನಿ, ಹತ್ತು ಅಂದಾಗ ಎಳಿ, ಒಂದೇ ಸಲ — ಒಣಗಿದ ಹನಿ, ಅಂದನಾ ಅಪ್ಪ, ಹನಿ ಅಂತ ಅವಳು ಯಾರಿಗೂ ಹೇಳಿರಲಿಲ್ಲ, ನಕ್ಷೆಯವರಿಗೂ ಕೊಳೆ ಅಂದಿದ್ದಳು, ಅಪ್ಪನಿಗೆ ಏನೋ ಕೂತಿದೆ ಅಂದಿದ್ದಳು, ಬಾಗಿಲಿನ ಈ ಕಡೆ ಅವಳು, ಆ ಕಡೆ ಅವನು, ನಡುವೆ ಒಂದಿಂಚು ಮರ, ಮೂರನೇ ಲಕೋಟೆ ಹರಿದಳು, ಎರಡು ತೊಟ್ಟು, ಇಟ್ಟೆ ಅಪ್ಪಾ, ಒಂದು, ಅಂದ ಅಪ್ಪ, ಎರಡು, ಟಕಟಕ, ಮೂರು, ಕೆನ್ನೆ ಉಬ್ಬಿದೆ, ನಾಲ್ಕು, ಸ್ಟೂಲಿನ ಮೇಲೆ ತಾನು ಎಂಟು ತಿಂಗಳ ಕೂಸು, ಐದು, ತುಟಿ ದುಂಡಗೆ, ಆರು, ಏಳು, ಅಮ್ಮನೂ ಎಣಿಸುತ್ತಿದ್ದಾಳೆ ಈಗ ಅಡುಗೆಮನೆಯಿಂದ, ಎಂಟು, ಏನಂತ ತಿಳಿಯದೆ ಎಣಿಸುತ್ತಿದ್ದಾಳೆ, ಒಂಬತ್ತು, ಹತ್ತು, ಎಳೆದಳು.

ಬಿಳಿ. ಬಿಳಿ ಗೋಡೆ, ಬಿಳಿ ಫೋಟೋ, ಮೂಲೆಯಿಂದ ಮೂಲೆಗೆ ಬೆರಳಿನಿಂದ ಸರಿಸಿ ಸರಿಸಿ ನೋಡಿದಳು, ಏನೂ ಇಲ್ಲ, ಇಷ್ಟು ಚೆಂದದ ಏನೂ ಇಲ್ಲದ್ದನ್ನು ಅವಳು ಜನ್ಮದಲ್ಲಿ ನೋಡಿಲ್ಲ, ಹೋಯ್ತು ಅಂತ ಕಿರುಚಿದಳು, ಅಯ್ಯಯ್ಯೋ ಜಾರಿ ಬಿದ್ಲು ಅಂತ ಅಮ್ಮ ಓಡಿಬಂದಳು, ಚಿಲಕ ತೆಗೆದರೆ ಎದುರಿಗೆ ಇಬ್ಬರೂ, ಟವೆಲ್ ಸುತ್ತಿದ ಅವಳ ತಲೆ ನೋಡಿ ಅಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು, ಸ್ನಾನ ಆಯ್ತಾ ನಿನ್ನ ಕೂಸಿಗೆ, ಅಪ್ಪ ನಗಲಿಲ್ಲ, ಕ್ಯಾಮೆರಾ ನೋಡುತ್ತಿದ್ದ, ಏನಿತ್ತು, ಅಂದ, ಕಣ್ಣು ಮಾತ್ರ ಕ್ಯಾಮೆರಾದ ಮೇಲೇ — ಹೇಳಬಹುದಿತ್ತು, ನಾಲಿಗೆ ತುದಿಗೆ ಬಂದಿತ್ತು, ನಿನ್ನ ಉಫ್ ಅಪ್ಪಾ, ಮೂರು ತಿಂಗಳು ಸಮುದ್ರದ ಮೇಲೆ ತೇಲುತ್ತಿತ್ತು — ಧೂಳು, ಅಂದಳು, ಧೂಳಾ, ಅಂದ ಅಪ್ಪ, ಹೂಂ, ಬರೀ ಧೂಳು, ಅಪ್ಪ ತಲೆಯಾಡಿಸಿದ, ತುಂಬ ಹೊತ್ತು ತಲೆಯಾಡಿಸಿದ, ಆಮೇಲೆ, ದೀಪ ಹಿಡಿಯೋಕೆ ಒಬ್ಬರು ಬೇಕಲ್ಲ ಅಲ್ಲಿ, ಅಂದ, ಆ ನಡುಗೋ ಕೈಯಲ್ಲಿ ದೀಪ ಹಿಡೀತಾರಂತೆ ಕೇಳಿಸ್ಕೊಂಡ್ಯಾ, ಅಂದಳು ಅಮ್ಮ, ದೀಪಕ್ಕೆ ಸ್ಟ್ಯಾಂಡ್ ಇದೆ ಕಣೇ, ನಾನು ಸ್ಟ್ಯಾಂಡ್ ಹಿಡೀತೀನಿ, ಬಾ ಅಪ್ಪಾ ಹೋಗೋಣ, ಅವಳು ಫೋನ್ ಕಿವಿಗಿಟ್ಟಾಗಲೇ ಹೇಳಿದಳು, ಹತ್ತೂ ಇಪ್ಪತ್ತೆರಡು, ಆಯ್ತು ಸರ್, ಚೊಕ್ಕಟ ಆಯ್ತು, ಬರ್ತಿದೀವಿ, ಆ ಮೂವತ್ತೊಂದನ್ನೂ ಮತ್ತೆ ತೆಗೆದುಕೊಡ್ತೀನಿ.

ರಸ್ತೆ ಹೇಗೆ ದಾಟಿದಳೋ, ಗ್ರಂಥಾಲಯದ ಮೆಟ್ಟಿಲು ಹೇಗೆ ಹತ್ತಿದಳೋ, ಎದೆಗೆ ಕ್ಯಾಮೆರಾ ಚೀಲ ಅವುಚಿಕೊಂಡು, ಹಿಂದೆ ಅಪ್ಪ, ಹಳೇ ಕೋಟು, ಮೇಲುಜೇಬು ಉಬ್ಬಿದೆ, ಏನಿಟ್ಟುಕೊಂಡಿದ್ದಾನೋ, ಮುಟ್ಟಬೇಡ ಅಂತ ಈ ಸಲ ಹೇಳಲಿಲ್ಲ ಅವಳು — ನಕ್ಷೆ ಕೋಣೆಯಲ್ಲಿ ಅಷ್ಟೂ ಮೇಜು ಕೂಡಿಸಿ ಹಾಸಿದ್ದರು, ದೊಡ್ಡಜ್ಜಿ ಮಲಗಿದ್ದಳು, ಚಹಾ ಬಣ್ಣದ ಮೈ, ಅಂಚಿಗೆಲ್ಲ ಪುಟ್ಟ ಪುಟ್ಟ ಮರಳು ಚೀಲ, ಎಂಥ ನದಿಗಳು, ಕೂದಲೆಳೆಯಂಥ ನದಿಗಳು, ಬೆಟ್ಟಕ್ಕೆಲ್ಲ ಒಂದೊಂದೇ ಗೆರೆಯಲ್ಲಿ ನೆರಳು ಹಾಕಿದ್ದಾನೆ ಯಾರೋ ಪುಣ್ಯಾತ್ಮ, ನಕ್ಷೆಯವರು ಬಿಳಿ ಕೈಗವಸು ತೊಟ್ಟು, ಬಾಮ್ಮಾ, ಅಂದರು ಪಿಸುದನಿಯಲ್ಲಿ, ನಿದ್ದೆಯಲ್ಲಿರುವವರ ಪಕ್ಕ ಮಾತಾಡುವಂತೆ, ಪಟ್ಟಿಯಮ್ಮ ತೆಳ್ಳಗೆ ಉದ್ದಕ್ಕೆ ಪೆನ್ಸಿಲಿನ ಹಾಗೇ ಇದ್ದಾಳೆ, ಕೂದಲಲ್ಲೂ ಒಂದು ಪೆನ್ಸಿಲು, ನನ್ನ ಊರು ಮುಳುಗಿಸಿದವರು ನೀವೇನಾ, ಅಂದು ಕಣ್ಣು ಚಿಕ್ಕದು ಮಾಡಿ ನಕ್ಕಳು, ಇವರು ನಮ್ಮ ಅಪ್ಪ, ಅಂದಳು ಅವಳು, ಓ, ನೀವಾ, ನನ್ನ ಮೊದಲನೇ ಫೋಟೋ ತೆಗೆದದ್ದು ನೀವೇ ಅಂತೆ ಸಾರ್, ನಮ್ಮಮ್ಮ ಹೇಳ್ತಿರ್ತಾಳೆ, ಕೆನ್ನೆ ಉಬ್ಬಿಸೋರು, ಅಪ್ಪ ನಾಚಿಕೊಂಡ, ಸ್ಟ್ಯಾಂಡ್ ಹಿಡಿದು ನಿಂತ, ದೀಪ ಎಡಕ್ಕೊಂದು ಬಲಕ್ಕೊಂದು, ಕ್ಯಾಮೆರಾ ಮೇಲಿನಿಂದ ಕೆಳಮುಖ, ಅಳತೆ, ಮತ್ತೆ ಅಳತೆ, ಅಪರ್ಚರ್ ಕಿರಿದು, ಮೊದಲನೇ ತುಂಡು, ಕ್ಲಿಕ್ — ಪರದೆಯ ಮೇಲೆ ಬಂತು, ನಾಲ್ವರೂ ಬಗ್ಗಿದರು, ನದಿ, ಬೆಟ್ಟ, ಗಾಡಿ ದಾರಿ, ಎಡಗಡೆ, ಮೇಲೆ, ಒಂದು ಚುಕ್ಕೆ, ಗುಂಡಗೆ.

ಅಯ್ಯೋ ಬಂದೇ ಬಿಡ್ತಲ್ಲ ನನ್ನ ಊರು, ಅಂದಳು ಪಟ್ಟಿಯಮ್ಮ, ನಕ್ಷೆಯವರು ಗಡಿಯಾರ ನೋಡಿದರು, ಬಿಳಿ ಗೋಡೆ ನೋಡಿದ್ದೇನಲ್ಲ, ಮೂಲೆ ಮೂಲೆ ನೋಡಿದ್ದೇನಲ್ಲ, ಪರದೆ ಬಿಟ್ಟು ದೊಡ್ಡಜ್ಜಿಯ ಕಡೆ ತಿರುಗಿದಳು, ಬಗ್ಗಿದಳು, ಇನ್ನೂ ಬಗ್ಗಿದಳು, ಮೂಗಿಗೆ ಹಳೇ ಬಟ್ಟೆ ಪೆಟ್ಟಿಗೆಯ ವಾಸನೆ, ಇಲ್ಲಿ, ಬೆಟ್ಟದ ಈ ಪಕ್ಕ, ಇಲ್ಲೇ ಇದೆ ಸರ್, ಕಾಗದದ ಮೇಲೇ ಇದೆ, ಆದರೆ ಮೇಲೆ ಕೂತದ್ದೋ ಬರೆದದ್ದೋ, ಧೂಳಿನ ಕಣವೋ ಮಸಿಯೋ — ಅಷ್ಟರಲ್ಲಿ ಅವಳ ಭುಜದ ಪಕ್ಕದಲ್ಲಿ ಇನ್ನೊಂದು ತಲೆ ಬಗ್ಗಿತು, ಒಂದು ಕಣ್ಣು ಮುಚ್ಚಿತು, ಕೆನ್ನೆ ತುಂಬಿಕೊಂಡಿತು, ಉಬ್ಬಿತು, ತುಟಿ ದುಂಡಗಾಯಿತು, ನಕ್ಷೆಯವರ ಬಿಳಿ ಕೈ ಗಾಳಿಯಲ್ಲೇ ನಿಂತಿತು, ಪಟ್ಟಿಯಮ್ಮ ಬಾಯಿ ತೆರೆದಳು, ಅರವತ್ತು ವರ್ಷದ ನಿದ್ದೆಯಿಂದ ಎದ್ದವಳ ಮುಖದ ಮೇಲೆ, ಒಂದು ಅಂಗುಲದ ದೂರದಲ್ಲಿ — ಅಪ್ಪ ಊದಲಿಲ್ಲ, ನಿಂತುಬಿಟ್ಟ, ಕೆನ್ನೆ ಹಾಗೇ, ಉಸಿರು ಒಳಗೇ, ಮುಚ್ಚಿದ್ದ ಕಣ್ಣು ತೆರೆದು ಅವಳನ್ನು ನೋಡಿದ, ಹಾಗೇ ನೋಡುತ್ತಾ ಕೋಟಿನ ಮೇಲುಜೇಬಿಗೆ ಕೈ ಹಾಕಿದ, ರಬ್ಬರಿನ ಬ್ಲೋವರ್ ತೆಗೆದ, ನಡುಗುವ ಕೈಯಲ್ಲಿ ಅದೂ ನಡುಗುತ್ತಿತ್ತು, ಅವಳ ಅಂಗೈಯಲ್ಲಿಟ್ಟ.

ಹಿಸುಕಿದಳು, ಫುಸ್, ಚುಕ್ಕೆ ಅಲ್ಲಾಡಲಿಲ್ಲ, ಫುಸ್, ಇಲ್ಲ, ಫುಸ್, ಇಲ್ಲ, ನಕ್ಷೆಯವರು ದಪ್ಪ ಭೂತಗನ್ನಡಿ ತಂದು ಬಗ್ಗಿದರು, ಎಷ್ಟು ಹೊತ್ತು ನೋಡಿದರು, ಊರೇ ಅಮ್ಮಾ, ಅಂದರು, ಮಸಿ, ಕಾಗದದೊಳಕ್ಕೆ ಇಳಿದಿದೆ, ನಿಜವಾದ ಊರು, ಹೆಸರಿದೆಯಾ ಸಾರ್, ಪಟ್ಟಿಯಮ್ಮನ ದನಿ ಹಾರಾಡುತ್ತಿತ್ತು, ಹೆಸರು ಬರೆದಿಲ್ಲಮ್ಮಾ, ಹಾಗಾದ್ರೆ ನನ್ನ ನಂಬರು ಇದಕ್ಕೇ ಕೊಡ್ತೀನಿ, ಅಂದು ಕೂದಲಿಂದ ಪೆನ್ಸಿಲು ಎಳೆದಳು, ನಕ್ಷೆಯವರು ನಕ್ಕರು, ತೆಗಿಯಮ್ಮಾ, ಉಳಿದ ಹದಿನೈದೂ ತೆಗಿ, ಒಂದು ಗಂಟೆಗೆ ಗಾಡಿ ಬರುತ್ತೆ, ತೆಗೀತೀನಿ ಸರ್, ಎಂದು ಗುಂಡಿಯ ಮೇಲೆ ಬೆರಳಿಟ್ಟವಳು ತಿರುಗಿ ನೋಡಿದಳು, ಸ್ಟ್ಯಾಂಡಿನ ಹತ್ತಿರ ಅಪ್ಪ ಇರಲಿಲ್ಲ, ಕೋಣೆಯ ಆ ತುದಿಯಲ್ಲಿದ್ದ, ದೊಡ್ಡಜ್ಜಿಗೆ ಬೆನ್ನು ಮಾಡಿ, ಕಿವಿ ಕೆಂಪಗೆ, ಒಂದು ಕೈಯಿಂದ ಕಿಟಕಿಯ ಬಾಗಿಲು ತಳ್ಳುತ್ತಿದ್ದ, ಕೆನ್ನೆ ಇನ್ನೂ ಉಬ್ಬಿಯೇ ಇತ್ತು, ಎರಡು ಕೆನ್ನೆ, ದುಂಡಗೆ ಮಾಡಿದ ತುಟಿ, ತಲೆ ಹೊರಗೆ ಹಾಕಿದ, ಬೀದಿಯ ಕಡೆಗೆ, ಯಾರೂ ಇಲ್ಲದ ಕಡೆಗೆ —

ಉಫ್.